ಮೊಂಡು ಗಾಳ

ಕಳೆದ ವಾರ ಮನೆಗೆ ಬಣ್ಣ ಹೊಡೆಸುವ ಗದ್ದಲ. ನನ್ನ ಮೇಜಿನ ಖಾನೆಗಳನ್ನು ಖಾಲಿ ಮಾಡುತ್ತಿದ್ದ ಹೆಂಡತಿ ಎರಡು ಬೆರಳಲ್ಲಿ ಏನನ್ನೋ ಹಿಡಿದುಕೊಂಡು ಬಂದು ಎದುರಿಗೆ ನಿಂತಳು. ಕಡಲೆಕಾಳಿನಷ್ಟು ದಪ್ಪದ ಸೀಸದ ಗುಂಡು, ಅದಕ್ಕೆ ಕೆಂಪು ದಾರದಲ್ಲಿ ಸುತ್ತಿದ ಹುಂಜದ ಗರಿ, ಗರಿಯ ನಡುವೆ ಹಳೇ ಸೀರೆಯಿಂದ ಕಿತ್ತ ಎರಡೆಳೆ ಜರಿ, ಕೆಳಗೊಂದು ಕೊಕ್ಕೆ.

"ಇದು ಯಾರ ಝುಮಕಿರೀ? ಒಂದ ಐತಲ್ಲ, ಇನ್ನೊಂದು ಯಾರ ಕಿವ್ಯಾಗ ಐತಿ?" ಎಂದಳು.

ಅದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತು. ನನ್ನನ್ನು ಕಾಡಿಸದೆ ಅವಳಿಗೆ ಬೆಳಗಾಗುವುದಿಲ್ಲ, ಅಷ್ಟೆ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಮುಖ ಸಣ್ಣದಾಯಿತು. ಅದನ್ನು ಕೈಗೆ ತೆಗೆದುಕೊಂಡು, ಹಳೇ ಅಭ್ಯಾಸದಂತೆ ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದೆ. ಹರಿತವಾದ ಗಾಳವಾದರೆ ಉಗುರಿಗೆ ಕಚ್ಚಿಕೊಂಡು ನಿಲ್ಲಬೇಕು. ಇದು ಗಾಜಿನ ಮೇಲೆ ಎಳೆದಂತೆ ಜಾರಿಹೋಯಿತು. ಜಾರಲೇಬೇಕು. ಅದನ್ನು ಮೊಂಡು ಮಾಡಿದವನು ನಾನೇ.

ಈ ಮಾತನ್ನು ನಿಮಗೆ ಹೇಳಬೇಕೆಂದರೆ ಮುನಿಯಪ್ಪನವರಿಂದ ಶುರು ಮಾಡಬೇಕು. ಯಲಹಂಕದಲ್ಲಿ ಸ್ವಂತ ಮನೆ ಮಾಡಿಕೊಳ್ಳುವ ಮೊದಲು ನಾವು ಜಕ್ಕೂರಿನ ಹಳೇ ಊರೊಳಗೆ ಬಾಡಿಗೆಗಿದ್ದೆವು. ಕೆಳಗೆ ಓನರ್ ಮುನಿಯಪ್ಪ, ಅವರ ಹೆಂಡತಿ ಜಯಮ್ಮ, ಮೇಲೆ ನಾವು. ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಪಾಠ ಮಾಡುವವನಲ್ಲ ಎಂದು ಎಷ್ಟು ಸಲ ಹೇಳಿದರೂ ಅವರ ಬಾಯಲ್ಲಿ ನಾನು ಮೇಷ್ಟ್ರೇ. ಅವರು ಯಶವಂತಪುರದ ಕಡೆಯ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಉಕ್ಕಿನ ತುಂಡನ್ನು ಬೆರಳಲ್ಲಿ ಸವರಿ, ಇನ್ನೂ ಒಂದು ಕೂದಲೆಳೆ ಉಜ್ಜಬೇಕು ಎನ್ನುತ್ತಿದ್ದರಂತೆ. ಅಳತೆ ಮಾಡಿ ನೋಡಿದರೆ ಅಷ್ಟೇ ಇರುತ್ತಿತ್ತಂತೆ. ಜಯಮ್ಮ ತಮ್ಮ ಗಂಡನನ್ನು ಹೊಗಳುತ್ತಿದ್ದುದು ಇದೊಂದೇ ವಿಷಯಕ್ಕೆ.

ಮನೆ ಹಿಡಿದ ಹೊಸದರಲ್ಲಿ ಒಂದು ಬೆಳಿಗ್ಗೆ ಟಕ್, ಟಕ್ ಎಂಬ ಸದ್ದು ಕೇಳಿ ಕಿಟಕಿಯಿಂದ ಇಣುಕಿದೆ. ಪಕ್ಕದ ಖಾಲಿ ಸೈಟಿನಲ್ಲಿ ಮುನಿಯಪ್ಪ ಪಂಚೆ ಮೇಲಕ್ಕೆ ಕಟ್ಟಿಕೊಂಡು ನಿಂತಿದ್ದಾರೆ. ಕೈಯಲ್ಲಿ ರೀಲು ಸುತ್ತಿದ ಕೋಲು. ಇಪ್ಪತ್ತು ಹೆಜ್ಜೆ ಆಚೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ಟು. ಕೋಲು ಬೀಸಿದರೆ ದಾರದ ತುದಿಯ ಸೀಸದ ಗುಂಡು ಹಾರಿಹೋಗಿ ಬಕೆಟ್ಟಿನೊಳಗೇ ಬೀಳುತ್ತದೆ. ಎಳೆದುಕೊಳ್ಳುತ್ತಾರೆ, ಮತ್ತೆ ಬೀಸುತ್ತಾರೆ. ತಲೆಯ ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಗುಂಯ್‌ಗುಡುತ್ತಿದ್ದರೂ ಅವರು ಕತ್ತೆತ್ತಲಿಲ್ಲ. ಓನರಿಗೆ ಸ್ವಲ್ಪ ತಲೆ ಸರಿಯಿಲ್ಲ ಎಂದುಕೊಂಡೆ. ಅಡ್ವಾನ್ಸ್ ಕೊಟ್ಟಾಗಿತ್ತು, ಏನೂ ಮಾಡುವಂತಿರಲಿಲ್ಲ.

ಹದಿನೈದು ದಿನದಲ್ಲಿ ಆ ಕೋಲು ನನ್ನ ಕೈಯಲ್ಲಿತ್ತು. ಹೇಗೆ ಬಂತೆಂದು ಕೇಳಬೇಡಿ. ಗದಗಿನ ಕಡೆಯ ನಮ್ಮೂರಿನಲ್ಲಿ ಕುಡಿಯುವ ನೀರಿಗೇ ಪರದಾಟ, ಇನ್ನು ಮೀನೆಲ್ಲಿಂದ ಬರಬೇಕು? ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರು ನಾವು. ನಮ್ಮಜ್ಜಿ ಇರುವೆ ಗೂಡಿನ ಬಾಯಿಗೆ ಸಕ್ಕರೆ ಹಾಕಿ, ಅದರ ಮೇಲೆ ಯಾರೂ ಕಾಲಿಡದಂತೆ ಕಾವಲು ಕೂರುತ್ತಿದ್ದಳು. ಆದರೆ ಬಕೆಟ್ಟಿಗೆ ಗುಂಡು ಹಾಕುವುದರಲ್ಲಿ ಯಾವ ಜೀವಹಿಂಸೆಯಿದೆ, ನೀವೇ ಹೇಳಿ. ಮೇಲಾಗಿ ಮುನಿಯಪ್ಪನವರ ಗಾಳಕ್ಕೆ ಎರೆಹುಳ ಬೇಡ, ರಾಗಿಹಿಟ್ಟಿನ ಉಂಡೆ ಬೇಡ. ಅಂಗಡಿಯಲ್ಲಿ ಇದಕ್ಕೆ ಜಿಗ್ ಎನ್ನುತ್ತಾರೆ. ಇವರು ಮನೆಯ ಹಿತ್ತಲಲ್ಲೇ ಸೀಸ ಕರಗಿಸಿ, ಕೊಕ್ಕೆಯ ಕತ್ತಿಗೆ ಎರಕ ಹೊಯ್ದು, ಗರಿ ಕಟ್ಟುತ್ತಿದ್ದರು. ಕನಿಷ್ಠ ಹುಳು ಸಾಯುವುದಿಲ್ಲವಲ್ಲ ಎಂದು ನಾನು ಲೆಕ್ಕ ಹಾಕಿದೆ. ಮನಸ್ಸಿಗೆ ಬೇಕಾದ್ದಕ್ಕೆ ಸಮರ್ಥನೆ ಹುಡುಕುವುದರಲ್ಲಿ ಓದಿದವರನ್ನು ಮೀರಿಸುವವರಿಲ್ಲ.

ಬಾಗಲೂರಿನ ಕಡೆ ಜಯಮ್ಮನ ತಮ್ಮನ ಹೊಲದಲ್ಲಿ ಒಂದು ಕುಂಟೆಯಿತ್ತು. ಜೊಂಡು ಬೆಳೆದು ಅರ್ಧ ಮುಚ್ಚಿದ ಪುಟ್ಟ ನೀರಿನ ಹೊಂಡ. ಅದರಲ್ಲಿ ಹಾವಿನ ತಲೆಯ ಕೊರಮೀನು. ಭಾನುವಾರ ಬೆಳಿಗ್ಗೆ ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೋಗುತ್ತಿದ್ದೆವು; ಹಿಂದೆ ಕೂತ ಮುನಿಯಪ್ಪನವರ ಕೈಯಲ್ಲಿ ಅವರದೊಂದು, ನನಗೆಂದು ಹೊಂದಿಸಿದ್ದೊಂದು, ಎರಡು ಕೋಲು ಬಾವುಟಗಳ ಹಾಗೆ ನಿಂತಿರುತ್ತಿದ್ದವು. ವಿದ್ಯೆ ನೋಡುವುದಕ್ಕೆ ಸುಲಭ. ಗಾಳ ಎಸೆಯಬೇಕು, ತಳ ಮುಟ್ಟುವವರೆಗೆ ಬಿಡಬೇಕು, ಕೋಲಿನ ತುದಿಯಿಂದ ಒಂದು ಗೇಣು ಎತ್ತಬೇಕು, ಮತ್ತೆ ಬೀಳಲು ಬಿಡಬೇಕು. ಎತ್ತಿದಾಗ ಗರಿ ಕಪ್ಪೆಮರಿಯ ಹಾಗೆ ನೆಗೆಯುತ್ತದೆ. ನಾನು ಉತ್ಸಾಹದಲ್ಲಿ ಎತ್ತಿದ್ದೇ ಎತ್ತಿದ್ದು. ಅವರು ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ಎತ್ತೋದು ನೀವು, ಬೀಳೋದು ಅದು. ಬೀಳೋವಾಗ್ಲೇ ಕಚ್ಚೋದು ಮೇಷ್ಟ್ರೇ. ಆವಾಗ ಸುಮ್ಕಿರ್ಬೇಕು."

ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಸುಮ್ಮನಿರಬೇಕು. ಕಚ್ಚಿದಾಗ ಎಳೆತವೇನೂ ಇರುವುದಿಲ್ಲ, ಬೆರಳಿಗೆ ಟಕ್ ಎಂದು ಸಣ್ಣದೊಂದು ತಟ್ಟು, ಅಷ್ಟೇ. ಆ ಕ್ಷಣಕ್ಕೆ ಕೋಲು ಮೇಲಕ್ಕೆ ಮೀಟಬೇಕು. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ನೋಡುವ ಕೆಲಸ ಅದು, ಮುನಿಯಪ್ಪನವರಿಗೆ ಹೇಳಿ ಮಾಡಿಸಿದ್ದು.

ಆ ಮೊದಲ ಭಾನುವಾರವೇ ಅವರೊಂದು ಕೊರಮೀನು ಹಿಡಿದರು. ಮೊಳದುದ್ದದ್ದು. ದಡದ ಹುಲ್ಲಿನ ಮೇಲೆ ಅದು ಬಾಯಿ ತೆರೆದು ಮುಚ್ಚಿ ಮಾಡುವುದನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಅದರ ಕಣ್ಣಿಗೆ ರೆಪ್ಪೆ ಇಲ್ಲ, ಮುಚ್ಚುವಂತಿಲ್ಲ. ಮನೆಗೆ ಬಂದು ಜೋಳದ ರೊಟ್ಟಿ ಮುರಿದವನು ಹಾಗೇ ತಟ್ಟೆ ಸರಿಸಿದೆ. ಹಾಗಾದರೆ ಹೋಗುವುದು ಬಿಟ್ಟುಬಿಡಬಹುದಿತ್ತಲ್ಲ ಎನ್ನುತ್ತೀರಿ. ಬಿಡುವುದಕ್ಕೂ ಮನಸ್ಸಿಲ್ಲ. ಬೆಳಗಿನ ಆ ಕುಂಟೆ, ಫ್ಲಾಸ್ಕಿನ ಟೀ, ಅವರ ಅರ್ಧಂಬರ್ಧ ಮಾತು, ಇವೆಲ್ಲ ಬೇಕು. ಮೀನು ಮಾತ್ರ ಸಿಗಬಾರದು.

ದಾರಿ ಅವರೇ ತೋರಿಸಿಕೊಟ್ಟರು. ಶಿಷ್ಯನಾದವನು ಸೇವೆ ಮಾಡಬೇಕಲ್ಲ ಎಂದು ನಗುತ್ತಾ, ಗಾಳಗಳನ್ನು ಹರಿತ ಮಾಡುವ ಕೆಲಸ ನನಗೆ ವಹಿಸಿದರು. ಬೆಂಕಿಕಡ್ಡಿ ದಪ್ಪದ ನುಣುಪಾದ ಅರ ಕೊಟ್ಟು, ಮೊನೆಯನ್ನು ಯಾವ ಓರೆಯಲ್ಲಿ ಉಜ್ಜಬೇಕು, ಉಗುರಿನ ಮೇಲೆ ಎಳೆದು ಹೇಗೆ ಪರೀಕ್ಷಿಸಬೇಕು ಎಂದು ಕಲಿಸಿದರು. ಅವರವು ಮೂರು ಗಾಳ, ನನಗೆಂದು ಕಟ್ಟಿಕೊಟ್ಟದ್ದು ಒಂದು. ಶನಿವಾರ ಸಂಜೆ ನಾನು ಅದೇ ಅರದಿಂದ ನಾಲ್ಕರ ಮೊನೆಯನ್ನೂ ಎರಡೆರಡು ಸಲ ನೇರಕ್ಕೆ ತಿಕ್ಕಿದೆ. ನೋಡುವುದಕ್ಕೆ ಏನೂ ಗೊತ್ತಾಗದು, ಮೊನೆ ಉರುಟಾಗಿತ್ತು. ಅಜ್ಜಿ ಇದ್ದಿದ್ದರೆ ಮೆಚ್ಚುತ್ತಿದ್ದಳು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮಾರನೆಯ ದಿನ ಕುಂಟೆಯ ದಡದಲ್ಲಿ, ಒಂದು ಸಲ ನೋಡಿಬಿಡಿ ಎಂದು ಕೊಟ್ಟರೆ, ಮೇಷ್ಟ್ರು ನೋಡಿದ ಮೇಲೆ ನಾನೇನು ನೋಡುವುದು ಎಂದು ಹಾಗೇ ದಾರಕ್ಕೆ ಕಟ್ಟಿಬಿಟ್ಟರು.

ಅವತ್ತು ಅವರ ಬೆರಳಿಗೆ ನಾಲ್ಕು ಸಲ ಟಕ್ ಎಂದಿತು. ನಾಲ್ಕು ಸಲವೂ ಮೀಟಿದರು, ನಾಲ್ಕು ಸಲವೂ ಗಾಳ ಬರಿದೇ ಬಂತು. ಮುಂದಿನ ಭಾನುವಾರವೂ ಹಾಗೇ, ಅದರ ಮುಂದಿನದೂ ಹಾಗೇ. ನಾನು ಒಳಗೊಳಗೇ ಮೀನುಗಳನ್ನು ಎಣಿಸಿ ಪುಣ್ಯ ಕಟ್ಟಿಕೊಳ್ಳುತ್ತಿದ್ದೆ. ಅವರು ಮಾತಾಡುವುದು ಕಡಿಮೆಯಾಯಿತು. ಮೂರನೆಯ ವಾರ ವಾಪಸು ಬರುವಾಗ ಕೋಲುಗಳನ್ನು ಮಡಿಲಿಗೆ ಅಡ್ಡ ಹಾಕಿಕೊಂಡು, ಬಲಗೈ ಬೆರಳುಗಳನ್ನು ಎಡಗೈಯಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದುದು ಸ್ಕೂಟರಿನ ಕನ್ನಡಿಯಲ್ಲಿ ಕಂಡಿತ್ತು. ಕಂಡರೂ ನನಗೆ ಅದರ ಅರ್ಥ ಹೊಳೆಯಲಿಲ್ಲ.

ನಾಲ್ಕನೆಯ ಭಾನುವಾರ ಸ್ಕೂಟರ್ ತೆಗೆದು ನಿಂತರೆ ಅವರು ಹೊರಗೇ ಬರಲಿಲ್ಲ. ಜಯಮ್ಮ ಬಾಗಿಲಿಗೆ ಬಂದು ದನಿ ತಗ್ಗಿಸಿ ಹೇಳಿದರು. ಅವರಿಗೆ ಸಕ್ಕರೆ ಕಾಯಿಲೆ ಹಳೆಯದು. ಪಾದಗಳಿಗೆ ಜೋಮು ಹಿಡಿದು ಎರಡು ವರ್ಷವಾಗಿತ್ತು, ಚಪ್ಪಲಿ ಕಳಚಿ ಬಿದ್ದರೂ ತಿಳಿಯದು. ಮುಂದೆ ಕೈಗೂ ಬರಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಈಗ ಬಂದೇಬಿಟ್ಟಿದೆ ಎಂದು ಮುನಿಯಪ್ಪನವರ ತೀರ್ಮಾನ. ಮೀನು ಕಚ್ಚಿದ ಮೇಲೆ ತಡವಾಗಿ ತಿಳಿಯುತ್ತಿದೆ, ಅದಕ್ಕೇ ತಪ್ಪಿಸಿಕೊಳ್ಳುತ್ತಿದೆ. ಗಡ್ಡ ತಾವೇ ಹೆರೆದುಕೊಳ್ಳಲು ಹೆದರಿ ಅಂಗಡಿಗೆ ಹೋಗುತ್ತಿದ್ದಾರೆ. ಟೂಲ್‌ರೂಮಿನ ಕಾಲದಿಂದ ಕಾಪಾಡಿದ ಅಳತೆಯ ಸಾಮಾನುಗಳನ್ನು ತಂಗಿಯ ಮಗನಿಗೆ ಕೊಟ್ಟುಬಿಟ್ಟರಂತೆ.

"ಬೆರಳು ಸತ್ತೋದ್ವು ಅಂತ ಒಂದೇ ಸಮ ಕೂತವ್ರೆ ಕಣಪ್ಪ. ಊಟಾನೂ ಸರ್ಯಾಗಿ ಮಾಡಾಕಿಲ್ಲ," ಎಂದರು.

ನಾನು ಸ್ಕೂಟರನ್ನು ಮತ್ತೆ ಒಳಗಿಟ್ಟೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಂದು ವಾರ ಮೆಟ್ಟಿಲು ಹತ್ತಿ ಇಳಿಯುವಾಗಲೆಲ್ಲ ಅವರ ಬಾಗಿಲ ಮುಂದೆ ಕಳ್ಳಹೆಜ್ಜೆ ಹಾಕಿದೆ. ಎಷ್ಟು ಮೀನು ಉಳಿಸಿದೆನೋ ಅದರ ಸಂತೋಷವೆಲ್ಲ ಎಲ್ಲೋ ಸೋರಿಹೋಗಿತ್ತು. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಕೊನೆಗೆ ಒಂದು ಸಂಜೆ ಜಗಲಿಯ ಮೇಲೆ ಕೂತಿದ್ದ ಅವರ ಮುಂದೆ ಅವರವೇ ಮೂರೂ ಗಾಳ ಇಟ್ಟು, ಉಗುರಿನ ಮೇಲೆ ಎಳೆದು ನೋಡಿ ಎಂದೆ. ಮೊದಲನೆಯದು ಜಾರಿತು. ಎರಡನೆಯದು ಜಾರಿತು. ಮೂರನೆಯದನ್ನು ಅವರು ಎರಡು ಸಲ ಎಳೆದರು. ನಾನು ಮಾಡಿದ್ದನ್ನೂ, ಯಾಕೆ ಮಾಡಿದೆನೆಂಬುದನ್ನೂ ತೊದಲುತ್ತಾ ಹೇಳಿ ಮುಗಿಸಿದೆ. ಬೈಯುತ್ತಾರೆ, ಮನೆ ಖಾಲಿ ಮಾಡು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಗಾಳಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದರು.

"ಮೀನ್ಗೆ ನೋವಾಯ್ತದೆ ಅಂತ ತಿಳೀತು ನಿಮ್ಗೆ. ನಾನು ಇಷ್ಟ್ ದಿನ ಕೈ ನೋಡ್ಕಂಡು ಕೂತಿದ್ದು ಕಾಣ್ಲಿಲ್ವಾ ಮೇಷ್ಟ್ರೇ?"

 

ಅವರು ತಮ್ಮ ಹಳೇ ಡಬ್ಬಿಯಿಂದ ಇನ್ನೊಂದು ಅರ ತರಿಸಿ, ಮೂರನ್ನೂ ತಾವೇ ಉಜ್ಜಿದರು. ನಿಮ್ಮದನ್ನು ನೀವೇ ನೋಡಿಕೊಳ್ಳಿ ಎಂದರು. ನನಗೆ ಸಿಕ್ಕ ಶಿಕ್ಷೆ ಅಷ್ಟೇ. ಆ ಭಾನುವಾರ ಕುಂಟೆಯಲ್ಲಿ ಎರಡನೆಯ ಎಸೆತಕ್ಕೇ ಅವರ ಕೋಲು ಬಾಗಿತು. ಮೀನು ದಡಕ್ಕೆ ಬಂದ ಮೇಲೆ ಅವರು ಮೀನನ್ನು ನೋಡಲಿಲ್ಲ, ತಮ್ಮ ತೋರುಬೆರಳನ್ನು ನೋಡಿಕೊಂಡರು. ಚೀಲ ಹರಿದಿದ್ದರಿಂದ ಆ ಮೀನನ್ನು ನನ್ನ ಊಟದ ಬ್ಯಾಗಿನಲ್ಲೇ ತಂದೆ, ನಾನಾಗಿ ಕೇಳಿ ತಂದೆ. ನನ್ನ ಹೆಂಡತಿ ಆ ಬ್ಯಾಗನ್ನು ಮನೆಯೊಳಗೆ ಸೇರಿಸಲಿಲ್ಲ. ಮೂಗು ಮುಚ್ಚಿಕೊಂಡು, ಇದನ್ನ ಹೆಗಲಿಗೆ ಹಾಕ್ಕೊಂಡ ಆಫೀಸಿಗೆ ಹೋಗ್ರಿ ಎಂದಳು. ಕೆಳಗಿನಿಂದ ಸಾರಿನ ವಾಸನೆ ಬಂದಾಗ ಮಾತ್ರ ನಾನು ಮೊದಲ ಸಲ ಕಿಟಕಿ ಮುಚ್ಚಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಪಶ್ಚಾತ್ತಾಪಪಟ್ಟ ಸಜ್ಜನನಾಗುತ್ತಿದ್ದೆ. ಆದರೆ ನಾಲ್ಕನೆಯ ಗಾಳವಿತ್ತಲ್ಲ, ನನ್ನದು. ಅದನ್ನು ನಾನು ಉಜ್ಜಲೂ ಇಲ್ಲ, ಅದರ ಮಾತು ಎತ್ತಲೂ ಇಲ್ಲ. ಅವರ ಕೈಯನ್ನು ಅವರಿಗೆ ವಾಪಸು ಕೊಟ್ಟಾಯಿತು, ನನ್ನ ಗಾಳ ಹೇಗಿದ್ದರೆ ಯಾರಿಗೇನು ಎಂದುಕೊಂಡೆ. ಆಮೇಲೆ ಒಂದು ವರ್ಷ ಅವರ ಪಕ್ಕದಲ್ಲಿ ಮೊಂಡು ಗಾಳ ಹಾಕಿಕೊಂಡು ಕೂತೆ. ಅಷ್ಟರಲ್ಲಿ ನನಗೂ ವಿದ್ಯೆ ಬಂದಿತ್ತು. ಬೆರಳಿಗೆ ಟಕ್ ಎನ್ನುತ್ತಿತ್ತು, ಸರಿಯಾದ ಹೊತ್ತಿಗೆ ಮೀಟುತ್ತಿದ್ದೆ, ಮೀನು ಜಾರಿಹೋಗುತ್ತಿತ್ತು. ಮುನಿಯಪ್ಪ ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದರು, ಬೇಸರವಿಲ್ಲದೆ, ಮೊಣಕೈ ಹಿಡಿದು. ನಾವು ಯಲಹಂಕಕ್ಕೆ ಹೊರಟ ದಿನ ಸಾಮಾನಿನ ಗಾಡಿಯ ಪಕ್ಕ ನಿಂತು, "ನಿಮ್ಗೆ ಒಂದ್ ಮೀನೂ ಇಡ್ಸಾಕೆ ನನ್ ಕೈಲಿ ಆಗ್ಲಿಲ್ಲ ನೋಡಿ," ಎಂದರು. ನಾನು ನಕ್ಕುಬಿಟ್ಟೆ. ಎರಡು ವರ್ಷದ ಮೇಲೆ ಅವರು ಹೋದರೆಂದು ಸುದ್ದಿ ಬಂತು.

ಹೆಂಡತಿ ಝುಮಕಿಯೆಂದು ಹಿಡಿದು ತಂದದ್ದು ಆ ನಾಲ್ಕನೆಯದನ್ನೇ. ಮೊನ್ನೆ ಶನಿವಾರ ಸಂಜೆ ಅರ ಹುಡುಕಿ ತೆಗೆದು, ಮುನಿಯಪ್ಪ ಹೇಳಿಕೊಟ್ಟ ಓರೆಯಲ್ಲೇ ಅದರ ಮೊನೆ ಉಜ್ಜಿದೆ. ಭಾನುವಾರ ಅದನ್ನು ತೆಗೆದುಕೊಂಡು ಜಕ್ಕೂರಿಗೆ ಹೋದೆ. ಪಕ್ಕದ ಸೈಟಿನಲ್ಲಿ ಈಗ ಐದಂತಸ್ತಿನ ಕಟ್ಟಡ. ಜಯಮ್ಮ ಇನ್ನೂ ಅದೇ ಕೆಳಮನೆಯಲ್ಲಿದ್ದಾರೆ, ಮೇಲೆ ಹೊಸ ಬಾಡಿಗೆಯವರು. ನಾಲ್ಕನೆಯ ಗಾಳದ ಕಥೆಯನ್ನು ಅವರಿಗೆ ಹೇಳಿದೆ. ಮುನಿಯಪ್ಪ ಕಲಿಸಿದ್ದು ನನಗೆ ಬಂದಿತ್ತು, ಚೆನ್ನಾಗಿಯೇ ಬಂದಿತ್ತು ಎಂದೂ ಹೇಳಿದೆ.

"ಇದ್ನ ಅವ್ರಿಗೆ ಏಳ್ಬೇಕಾಗಿತ್ತಲ್ಲಪ್ಪ," ಎಂದರು ಜಯಮ್ಮ. ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ತಡೆದುಕೊಳ್ಳುವುದು ಕಷ್ಟವಾಯಿತು.

ಆಮೇಲೆ ಅವರು ಒಳಗೆ ಹೋಗಿ, ಅಟ್ಟದಿಂದ ಗಂಡನ ಕೋಲನ್ನು ಇಳಿಸಿ ತಂದರು. ಬಚ್ಚಲಿನಿಂದ ಒಂದು ಬಕೆಟ್ಟನ್ನೂ ಎತ್ತಿಕೊಂಡರು. ಇಬ್ಬರೂ ಟೆರೇಸಿಗೆ ಹತ್ತಿದೆವು. ಒಣಗಿದ ಬಟ್ಟೆಗಳನ್ನು ಅವರು ಒಂದು ಕಡೆ ಸರಿಸಿ, ಬಕೆಟ್ಟನ್ನು ಆಚೆ ತುದಿಗೆ ಇಟ್ಟರು. ನಾನು ಹಳೇ ದಾರಕ್ಕೆ ಗಾಳ ಕಟ್ಟಿ ಬೀಸಿದೆ. ಮೊದಲನೆಯದು ನೀರಿನ ಟ್ಯಾಂಕಿಗೆ ಬಡಿಯಿತು. ಎರಡನೆಯದು ಯಾರದೋ ಪ್ಯಾಂಟಿನ ಪಕ್ಕದಲ್ಲೇ ಹಾಯಿತು. ಮೂರನೆಯದು ಬಕೆಟ್ಟಿನೊಳಗೆ ಬಿತ್ತು. ಬೆರಳಿಗೆ ಟಕ್ ಎಂದಿತು, ಕೈ ತಾನಾಗಿ ಮೀಟಿತು. ಕೊಕ್ಕೆ ಬಕೆಟ್ಟಿನ ಅಂಚಿಗೆ ಕಚ್ಚಿಕೊಂಡು, ಇಡೀ ಬಕೆಟ್ಟು ಗಡಗಡ ಉರುಳುತ್ತಾ ನನ್ನ ಕಡೆಗೆ ಬಂತು. ಎಷ್ಟು ಕೊಸರಿದರೂ ಗಾಳ ಬಿಡಲಿಲ್ಲ.

ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುತ್ತಿದ್ದರು.

"ಅಂತೂ ಒಂದ್ ಇಡುದ್ರಿ ಬಿಡಿ, ಮೇಷ್ಟ್ರೇ."