ವರ್ನಾ ಹಚ್ಚದ ಒಲೆ

ಟ್ಯಾಲ್ಬಟ್ ಊರಲ್ಲಿ ಸತ್ತವರನ್ನು ಸುಡುವ ಕೆಲಸ ಅರ್ಧ ಆಯುಷ್ಯದಿಂದ ವರ್ನಾ ಟ್ಯಾಕೆಟ್‌ಳದು. ಜೋಳದ ಹೊಲಗಳ ಅಂಚಿಗೆ ತಗಡಿನ ಕಟ್ಟಡ, ಒಳಗೆ ಗ್ಯಾಸಿನ ಒಲೆ, ಹೊರಗೆ ಅವಳ ಹಳೇ ಪಿಕಪ್. ಹೆಣದ ಗಾಡಿ ಓಡಿಸುವ ನಾನು ಆಗಾಗ ಅಲ್ಲಿಗೆ ಹೋಗುತ್ತಲೇ ಇದ್ದೆ. ಪೆಟ್ಟಿಗೆಯನ್ನು ಒಳಗೆ ತಳ್ಳುವ ಮುಂಚೆ ಅವಳು ಮುಚ್ಚಳವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸತ್ತವರಿಗೆ ಆ ದಿನದ ಹವಾಮಾನ ಹೇಳುತ್ತಿದ್ದಳು. ಗಾಳಿ ಜೋರಿದೆ, ಮಧ್ಯಾಹ್ನ ಬಿಸಿಲು ಬರಬಹುದು, ಹೀಗೆ. ನಮ್ಮ ರೈತರು ಎದುರಾದರೆ ಮೊದಲು ಆಡುವ ಮಾತೇ ಅದು. ಕಳಿಸಿಕೊಡುವಾಗಲೂ ಅದೇ ಇರಲಿ ಎನ್ನುತ್ತಿದ್ದಳು.

ಅವಳ ಗಂಡ ಓರ್ವಿಲ್ ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದಾಗ ಕೇಳಿದ್ದು ಒಂದೇ.

“ನನ್ನನ್ನೂ ನೀನೇ ಕಳಿಸ್ಬೇಕು ಕಣೇ. ಹವಾಮಾನ ಬೇರೆ ಯಾರ ಬಾಯಲ್ಲೂ ನಂಗೆ ಬೇಡ.”

ಆಯಿತೆಂದು ಅವಳು ಮಾತು ಕೊಟ್ಟಳು.

ಆ ಮಾತಿಗೆ ಕಲ್ಲು ಹಾಕಿದವನು ಆ ಸುಡುವ ಕಟ್ಟಡದ ಒಡೆಯ ಡ್ವೈಟ್ ಕೆಸ್ಲರ್. ಅವನನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಕೆರೆಯ ದಡದಲ್ಲಿ ಮೀನು ಹಿಡಿಯುತ್ತ ಕೂರುವ ಆಸೆಗೆ, ವರ್ನಾಗೆ ಒಂದು ಮಾತೂ ಹೇಳದೆ, ನಗರದ ಕಂಪನಿಗೆ ಎಲ್ಲವನ್ನೂ ಮಾರಿಬಿಟ್ಟ. ಸುಡುವ ಲೈಸೆನ್ಸ್ ಒಡೆಯನ ಹೆಸರಿನದು, ಕಟ್ಟಡದ್ದಲ್ಲ. ಒಡೆಯ ಬದಲಾದ ದಿನವೇ ಅದು ಸತ್ತಂತೆ. ಕೊಳ್ಳುವವರು ಮುಂಚೆಯೇ ಅರ್ಜಿ ಹಾಕಿ, ತಮ್ಮದೇ ಲೈಸೆನ್ಸ್ ಪಡೆದು, ಆಮೇಲೆ ಒಲೆ ಹಚ್ಚಬೇಕು. ಈ ಮಹಾಶಯ ಗೋಡೆಗೆ ತೂಗುಹಾಕಿದ್ದ ಲೈಸೆನ್ಸನ್ನೂ ಮೇಜು ಕುರ್ಚಿಗಳ ಜೊತೆ ಮಾರಿದ್ದ. ಕೊಂಡವರೂ ಕಣ್ಣು ಮುಚ್ಚಿಕೊಂಡು ಕೊಂಡಿದ್ದರು. ಅರ್ಜಿ ಮಾತ್ರ ಯಾರೂ ಹಾಕಿರಲಿಲ್ಲ.

ಕಂಪನಿಯಿಂದ ಗ್ಯಾರೆಟ್ ಎಂಬ ಮ್ಯಾನೇಜರ್ ಬಂದ. ಹೊಸ ಲೈಸೆನ್ಸ್ ಬರುವ ತನಕ ಹಳೆಯದರಲ್ಲೇ ನಡೆಸಿಕೊಂಡು ಹೋಗಿ ಎಂದ. ವರ್ನಾ ಹಳೇ ಲೈಸೆನ್ಸಿನ ಚೌಕಟ್ಟನ್ನು ಗೋಡೆಯಿಂದ ಇಳಿಸಿ ಅವನ ಕೈಗಿಟ್ಟು, ಗ್ಯಾಸ್ ಬಂದ್ ಮಾಡಿದಳು. ಪಕ್ಕದ ಜಿಲ್ಲೆಯಲ್ಲಿ ಹೀಗೇ ಲೈಸೆನ್ಸ್ ಇಲ್ಲದೆ ಸುಟ್ಟು, ಬೂದಿ ಅದಲುಬದಲಾಗಿ, ಯಾರೋ ಅಪರಿಚಿತನನ್ನು ತಮ್ಮ ತಾಯಿಯೆಂದು ಮನೆಯಲ್ಲಿಟ್ಟುಕೊಂಡವರು ಅವಳಿಗೆ ಗೊತ್ತಿತ್ತು. ಅವರು ಕೇಳಲು ಹೋದರೆ ಅಲ್ಲಿನ ಹಳೇ ಒಡೆಯ ಹೊಸಬನ ಕಡೆ ಕೈ ತೋರಿಸಿದ, ಹೊಸಬ ಹಳಬನ ಕಡೆ.

ಅಲ್ಲಿಂದ ನಾನು ಹೆಣಗಳನ್ನು ದೂರದ ಗ್ರಾಂಜರ್ ಊರಿಗೆ ಒಯ್ಯತೊಡಗಿದೆ. ನಮ್ಮ ಜನ ಬೈದದ್ದು ಡ್ವೈಟ್‌ಗಲ್ಲ, ಕಂಪನಿಗಲ್ಲ, ವರ್ನಾಗೆ. ಚರ್ಚಿನಲ್ಲಿ ಅವಳ ಪಕ್ಕದ ಜಾಗ ಖಾಲಿ ಬಿಟ್ಟರು. ಡ್ವೈಟ್ ಮಾತ್ರ ಮುಂದಿನ ಸಾಲಿನಲ್ಲಿ ಕೂತು ರಾಗವಾಗಿ ಹಾಡಿದ.

ಅಷ್ಟರಲ್ಲಿ ಓರ್ವಿಲ್ ತೀರಿಕೊಂಡ. ಗ್ಯಾರೆಟ್ ಹೂಗುಚ್ಛ ಹಿಡಿದು ಅವಳ ಅಡುಗೆಮನೆಗೇ ಬಂದ. ನಾನೂ ಅಲ್ಲೇ ಇದ್ದೆ.

“ಮೇಡಂ, ನಿಮ್ಮ ಯಜಮಾನರಿಗೋಸ್ಕರ ಒಂದು ಸಲ ಹಚ್ಚಿ. ಯಾರೂ ಕೇಳಲ್ಲ.”

“ನಾಳೆ ಇನ್ನೊಬ್ಬರ ಹೆಣ ತಂದು ಇಟ್ಟಾಗ ನಾನು ಬೇಡ ಅನ್ನೋಕಾಗುತ್ತಾ?”

ಅವನು ಹೂಗುಚ್ಛವನ್ನು ಮೇಜಿನ ಮೇಲಿಟ್ಟ.

“ಅದಕ್ಕೇ ತಾನೇ ಹೂ ತಂದಿದ್ದು. ತಗೊಂಡು ಹೋಗಪ್ಪ,” ಎಂದಳು.

ಓರ್ವಿಲ್‌ನನ್ನು ಗ್ರಾಂಜರ್‌ಗೆ ಒಯ್ದವನು ನಾನೇ. ವರ್ನಾ ನನ್ನ ಪಕ್ಕದಲ್ಲೇ ಕೂತು ಬಂದಳು. ಅಲ್ಲಿ ಹೊರಗಿನವರಿಗೆ ಒಲೆಯ ಕೋಣೆಗೆ ಪ್ರವೇಶವಿಲ್ಲ. ಗಾಜಿನ ಈಚೆ ನಿಲ್ಲಬೇಕು. ಒಳಗಿದ್ದವನು ಪೆಟ್ಟಿಗೆಯನ್ನು ತಟ್ಟಲಿಲ್ಲ. ಅವನಿಗೇನು ಗೊತ್ತು? ವರ್ನಾ ಗಾಜನ್ನು ತಟ್ಟಿದಳು. “ಮೋಡ ಇದೆ ಓರ್ವಿಲ್. ಸಂಜೆ ಹೊತ್ತಿಗೆ ತಿಳಿಯಾಗುತ್ತೆ,” ಅಂದಳು. ಗಾಜು ದಪ್ಪ. ಒಲೆಯ ಬಾಗಿಲು ಮುಚ್ಚಿತು. ಮಾತು ತಪ್ಪಿದವಳು ಅವಳಲ್ಲ, ಆದರೆ ಆ ನೋವು ತಿಂದವಳು ಅವಳೊಬ್ಬಳೇ. ನಾನು ಹೊರಗೆ ಹೋಗಿ ಗಾಡಿಯ ಚಕ್ರಕ್ಕೆ ಒದ್ದೆ.

ಕೊನೆಗೂ ಕಂಪನಿಗೆ ಹೊಸ ಲೈಸೆನ್ಸ್ ಬಂತು. ಗ್ಯಾರೆಟ್ ಕೇಕು ತರಿಸಿ ಊರವರನ್ನು ಕರೆದ. ಡ್ವೈಟ್ ಬಂದು ದೊಡ್ಡ ತುಂಡನ್ನೇ ತಿಂದ. ಹೆಣ ಇಡುವ ತಣ್ಣಗಿನ ಕೋಣೆಯಲ್ಲಿ ಆಗಲೇ ಒಬ್ಬರು ಪೆಟ್ಟಿಗೆಯೊಳಗೆ ಕಾದಿದ್ದರು. ಒಲೆ ನಡೆಸುವವರಿಗೂ ಬೇರೆ ಪರವಾನಗಿ ಬೇಕು, ಅದು ಅವರವರ ಹೆಸರಿನದು. ಟ್ಯಾಲ್ಬಟ್‌ನಲ್ಲಿ ಅದಿದ್ದದ್ದು ವರ್ನಾ ಒಬ್ಬಳಿಗೇ. ಕಂಪನಿ ಅವಳನ್ನು ಒಂದು ಮಾತು ಕೇಳದೆ ಅರ್ಜಿಯಲ್ಲಿ ಒಲೆ ನಡೆಸುವವಳೆಂದು ಅವಳ ಹೆಸರು ಬರೆದುಕೊಟ್ಟಿತ್ತು.

ವರ್ನಾ ಬಂದಳು. ಕೇಕು ಮುಟ್ಟಲಿಲ್ಲ. ಒಲೆಯ ಪಕ್ಕದ ಮೊಳೆಯಿಂದ ತನ್ನ ಕೈಗವಸು ತೆಗೆದಳು. ಶುರು ಮಾಡುತ್ತಾಳೆಂದು ಎಲ್ಲರೂ ದಾರಿ ಬಿಟ್ಟರು. ಅವಳು ತಣ್ಣಗಿನ ಕೋಣೆಗೆ ಹೋಗಿ ಅಲ್ಲಿದ್ದ ಪೆಟ್ಟಿಗೆ ತಟ್ಟಿದಳು. ಇವತ್ತು ಬಿಸಿಲಿದೆ, ಗ್ರಾಂಜರ್‌ವರೆಗೂ ದಾರಿ ಒಣಗಿದೆ ಎಂದು ಹೇಳಿ ಹೊರಬಂದಳು.

ಗ್ಯಾರೆಟ್ ಬಾಗಿಲಿಗೆ ಅಡ್ಡ ನಿಂತು, ನೀವಿಲ್ಲದೆ ಹಚ್ಚುವಂತಿಲ್ಲ ಎಂದು ಗೋಗರೆದ.

“ಲೈಸೆನ್ಸ್ ಮಾರಾಟದ ಜೊತೆ ಬರಲ್ಲ ಅಂತ ಈಗ ತಿಳೀತಲ್ಲ,” ಎಂದಳು ವರ್ನಾ. “ನಾನೂ ಬರಲ್ಲ.”

ಪಿಕಪ್ ಹೊರಟಿತು. ನಾನು ಪೆಟ್ಟಿಗೆಯನ್ನು ಮತ್ತೆ ನನ್ನ ಗಾಡಿಗೆ ಏರಿಸಿದೆ.