ಟ್ಯಾಂಕಿನ ತಳದ ಗಾಳಿ

ರತ್ನಮ್ಮ, ನಿಮ್ಮ ಯಜಮಾನರನ್ನು ಟ್ಯಾಂಕಿನೊಳಗೆ ಇಳಿಸಿದವನು ನಾನೇ. ಹೇಳದೆ ಕೇಳದೆ ಅವರೇ ಇಳಿದರು ಎಂದು ಆರು ವರ್ಷದ ಹಿಂದೆ ನಿಮ್ಮೆದುರು, ಪೊಲೀಸರೆದುರು ಹೇಳಿದ್ದು ಹಸಿ ಸುಳ್ಳು.

ಪೀಣ್ಯದ ಆ ಶೆಡ್ಡಿನಲ್ಲಿ ಹಾಲಿನ ಡೇರಿಗಳಿಗೆ ಸ್ಟೀಲ್ ಟ್ಯಾಂಕ್ ಮಾಡುತ್ತಿದ್ದೆವು. ನಾಗರಾಜ್ ವೆಲ್ಡರ್, ನಾನು ಸೂಪರ್‌ವೈಸರ್. ಬೆಸುಗೆ ಒಳಗಡೆ ಕಪ್ಪಾಗದಿರಲೆಂದು ಟ್ಯಾಂಕಿಗೆ ಆರ್ಗಾನ್ ಗ್ಯಾಸ್ ತುಂಬಿಸುತ್ತಿದ್ದೆವು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ವಿಷವೂ ಅಲ್ಲ. ಗಾಳಿಗಿಂತ ಭಾರ, ಅಷ್ಟೇ — ಉಸಿರಾಡುವ ಗಾಳಿಯನ್ನು ಹೊರದೂಡಿ ತಳದಲ್ಲಿ ಕೂತುಬಿಡುತ್ತದೆ. ಅದಕ್ಕೇ ಯಾರಾದರೂ ಇಳಿಯುವ ಮುಂಚೆ ಆಮ್ಲಜನಕದ ಮೀಟರನ್ನು ಹಗ್ಗ ಕಟ್ಟಿ ಇಳಿಬಿಟ್ಟು, ಬಾಯಿ, ನಡು, ತಳ ಮೂರೂ ಕಡೆ ಅಳೆದು ಹಾಳೆಯಲ್ಲಿ ಬರೆಯಬೇಕು.

ಅವತ್ತು ನಾನು ಮೀಟರನ್ನು ಬಾಯಿಯ ಹತ್ತಿರ ಮಾತ್ರ ಹಿಡಿದೆ. ಅಲ್ಲಿ ಸರಿಯಾಗಿತ್ತು. ಅದೇ ಅಂಕಿಯನ್ನು ಮೂರು ಸಾಲಿಗೂ ಬರೆದು ಸಹಿ ಹಾಕಿದೆ. ವರ್ಷಗಟ್ಟಲೆ ಹಾಗೇ ಮಾಡಿದ್ದೆ — ಏನೂ ಆಗಿರಲಿಲ್ಲವಲ್ಲ!

"ಸಾರ್, ಕೆಳಗಡೆನೂ ನೋಡಿದ್ರಾ?" ಎಂದರು ನಾಗರಾಜ್.

"ನೋಡಿದ್ದೀನಿ ಕಣಯ್ಯಾ, ಇಳಿ. ಹನ್ನೆರಡಕ್ಕೆ ಲಾರಿ ಬರುತ್ತೆ."

ನಂಬಿ ಇಳಿದರು. ಕೂಗಲಿಲ್ಲ, ಕೆಮ್ಮಲೂ ಇಲ್ಲ. ಬಗ್ಗಿ ನೋಡುವಷ್ಟರಲ್ಲಿ ವೆಲ್ಡಿಂಗ್ ಟಾರ್ಚ್ ಹಿಡಿದುಕೊಂಡೇ ಬಿದ್ದಿದ್ದರು. ಆ ಗಾಳಿಯಲ್ಲಿ ಎರಡು ಉಸಿರು ಸಾಕಂತೆ. ಬ್ಲೋವರ್ ಹಾಕಿ ಒಳಗೆ ಗಾಳಿ ಊದಿಸಿ ಹೊರಗೆಳೆಯುವ ಹೊತ್ತಿಗೆ —

ಮಾಲೀಕರು ಹೇಳಿದರೆಂದು ಆ ಹಾಳೆಯನ್ನು ಹರಿದೆ. ಹೇಳಿದ್ದು ಅವರೇ, ಆದರೆ ಹರಿದ ಕೈ ನನ್ನದು. ಅವಸರಗೇಡಿ, ತನ್ನ ಸಾವನ್ನು ತಾನೇ ತಂದುಕೊಂಡ ಎಂಬ ಹೆಸರು ನಾಗರಾಜ್‌ಗೆ ಅಂಟಿತು. ನೀವೂ ನಂಬಿದಿರಿ. ತಿಥಿಯ ಊಟಕ್ಕೆ ಬಂದ ನನ್ನ ಹತ್ತಿರ, "ನಿಮ್ಮ ಮಾತು ಕೇಳಿದ್ದಿದ್ರೆ ಬದುಕಿರ್ತಿದ್ರು ಅಲ್ವಾ ಸಾರ್" ಎಂದು ಅತ್ತಿರಿ. ನನ್ನ ಮಾತು ಕೇಳಿದ್ದಕ್ಕೇ ಅವರು ಸತ್ತರು ರತ್ನಮ್ಮ. ನಾನು ತಲೆ ತಗ್ಗಿಸಿ ಊಟ ಮಾಡಿದೆ. ಥೂ, ನನ್ನ ಜನ್ಮಕ್ಕೆ.

"ಹಳೇ ಹುಣ್ಣು ಯಾಕ್ರೀ ಕೆರೀತೀರಾ, ಮೊದ್ಲು ಒಳಗೆ ಹೋಗೋದು ನೀವೇ" ಎಂದು ಮಾಲೀಕರು ಮೊನ್ನೆ, ಪೊಲೀಸರಿಗೆ ನಿಜ ಹೇಳಿಬಿಡುತ್ತೇನೆ ಎಂದಾಗ, ಫೋನಿನಲ್ಲಿ ಹೆದರಿಸಿದರು. ಹೋಗುತ್ತೇನೆ! ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಉಣ್ಣುತ್ತೇನೆ. ಆದರೆ ಬಾಯಿ ಮುಚ್ಚಿಕೊಂಡು ಉಣ್ಣುವ ಕಾಲ ಮುಗಿಯಿತು. ಆ ಶೆಡ್ಡಿನಲ್ಲಿ ಇವತ್ತಿಗೂ ಟ್ಯಾಂಕಿನ ಬಾಯಲ್ಲಷ್ಟೇ ಅಳೆದು ಜನರನ್ನು ಇಳಿಸುತ್ತಿದ್ದಾರೆ. ಸೋಮವಾರ ಠಾಣೆಯಲ್ಲಿ ಅದನ್ನೂ ಹೇಳುತ್ತೇನೆ, ಯಾರು ಏನೇ ಮಾಡಿಕೊಳ್ಳಲಿ.

ಕ್ಷಮಿಸಿ ಎಂದು ನಿಮ್ಮನ್ನು ಕೇಳುವುದಿಲ್ಲ. ಇನ್ನು ಮುಂದೆ ನಿಮ್ಮ ಮಗಳನ್ನು ಯಾರಾದರೂ 'ನಿಮ್ಮಪ್ಪ ಹೇಗೆ ತೀರಿಕೊಂಡರು' ಎಂದು ಕೇಳಿದರೆ, ಅವಳು ನನ್ನ ಹೆಸರು ಹೇಳಲಿ.