ಮಾವನವರ ಮಗ್ಗ ಬೇಗ ಶುರುವಾದ ದಿನ

ಬೆಳಗಿನ ಜಾವ ಐದಕ್ಕೆ ಇವತ್ತೂ ಮಗ್ಗದ ಕಟಕ್ ಕಟಕ್. ಗೆಳತಿಯರೇ, ಮೈಸೂರಿನ ಹಾಸ್ಟೆಲಿನಲ್ಲಿ ಗಂಟೆ ಬಡಿದ ಮೇಲೂ ಹೊದ್ದುಕೊಂಡು ಮಲಗುತ್ತಿದ್ದೆವಲ್ಲ, ಆ ನಿದ್ದೆ ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತದೆ. ಹಲ್ಲು ಬರುತ್ತಿರುವ ಮಗಳು ಆಗಷ್ಟೇ ಕಣ್ಣು ಮುಚ್ಚಿದ್ದಳು, ಬೆಚ್ಚಿ ಅತ್ತಳು.

ನಮ್ಮ ಮಾವನವರು ದಿನವೂ ಲಾಳಿ ಎಸೆಯುವ ಮೊದಲು, ಸೆರಗಿನ ಚಿತ್ತಾರಕ್ಕೆಂದು ತೂತು ಕೊರೆದ ರಟ್ಟಿನ ಕಾರ್ಡುಗಳನ್ನೆಲ್ಲ ಒಂದು ಸುತ್ತು ಖಾಲಿ ಓಡಿಸಿ, ಎಳೆಗಳು ಸರಿಯಾಗಿ ಮೇಲೇಳುತ್ತವೆಯೇ ಎಂದು ನೋಡುತ್ತಾರೆ. ನೇಯ್ಗೆ ಶುರುವಾಗುವುದು ಅರ್ಧ ಗಂಟೆಯ ಮೇಲೆ. ಅದೊಂದನ್ನು ಬಿಟ್ಟರೆ ಮಗ್ಗ ಐದೂವರೆಗೆ ಶುರುವಾದರೂ ಸಾಕಲ್ಲ ಎಂಬುದು ನನ್ನ ಲೆಕ್ಕ.

ಮಗುವನ್ನು ಎತ್ತಿಕೊಂಡೇ ಹೋಗಿ, "ನಿನ್ನೆ ಸರಿಯಿದ್ದದ್ದನ್ನ ಇವತ್ತು ಮತ್ತೆ ಯಾಕೆ ನೋಡ್ಬೇಕು ಮಾವ?" ಎಂದೆ.

"ಓದ್ದೋಳು ನೀನೇ ಅಂದ್ಮೇಲೆ ಆಗ್ಲಿ ಕಣವ್ವ," ಎಂದು ಅರ್ಧಕ್ಕೇ ನಿಲ್ಲಿಸಿ ನೇಯಲು ಕೂತರು.

ಹತ್ತು ಗಂಟೆಗೆ ನೋಡಿದರೆ ಸೆರಗಿನ ನವಿಲುಗಳ ಕುತ್ತಿಗೆಯೇ ತುಂಡು. ನೋಡದೆ ಬಿಟ್ಟ ಕಾರ್ಡುಗಳಲ್ಲಿ ಮೂರನ್ನು ಇಲಿ ಕಡಿದಿತ್ತು. ಕಾಮಗೆರೆಯವರ ಮದುವೆ ಸೀರೆ ಅದು, ನಾಳೆ ಸಂಜೆಗೆ ಕೊಡಬೇಕು.

ಮಾವನವರು ಬೈಯಲಿಲ್ಲ. "ದೀಪ ಇಟ್ಕಂಡು ನೇಯ್ದ್ರೆ ಮುಗೀತದೆ ಬುಡು," ಎಂದು ಎಳೆ ಎಳೆಯಾಗಿ ಬಿಚ್ಚತೊಡಗಿದರು.

ನನಗೋ ಸುಮ್ಮನಿರಲಾಗಲಿಲ್ಲ. "ಇನ್ಮೇಲೆ ಕಾರ್ಡು ನೋಡೋದನ್ನ ಸಂಜೆಯೇ ಮುಗಿಸಿಬಿಡಿ ಮಾವ. ಬೆಳಿಗ್ಗೆ ಕೂತ ತಕ್ಷಣ ನೇಯಬಹುದು," ಎಂದೆ ಮೆಲ್ಲಗೆ.

ಅವರು ತಲೆ ಎತ್ತದೆಯೇ ಹೇಳಿದರು: "ಇಲಿ ಬರೋದೇ ರಾತ್ರಿ ಕಣವ್ವ."

ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ನಾವೆಲ್ಲ ಮೂಗು ಮುಚ್ಚಿಕೊಂಡು, ನಗುತ್ತಾ ಎಷ್ಟು ಇಲಿ ಕೊಯ್ದೆವು! ಅವು ಎಷ್ಟು ಹೊತ್ತಿಗೆ ಓಡಾಡುತ್ತವೆ ಎಂದು ಮಾತ್ರ ಒಬ್ಬ ಮೇಷ್ಟ್ರೂ ಹೇಳಲಿಲ್ಲ.